ಅಜ್ಜಿಯ ಮಣಿಸರದಿಂದ ಕೂಸಿಗೆ ದೃಷ್ಟಿಸರ ಮಾಡಬಹುದೇ?

ಅಂಕೋಲೆಯ ಹಾಲಕ್ಕಿ ಸಮುದಾಯದ ನಿಮ್ಮ ಅಜ್ಜಿಯ ಮಣಿಸರಗಳಲ್ಲಿ ಒಂದೆರಡು ಎಳೆ ಹರಿದಿವೆ, ಆ ಮಣಿಗಳಿಂದ ಅಕ್ಕನ ಆರು ತಿಂಗಳ ಕೂಸಿಗೆ ದೃಷ್ಟಿಯಾಗದಂತೆ ಕೈಸರ ಮಾಡಬಹುದೇ ಎಂದು ಕೇಳಿದ್ದೀರಿ.

ಮಾಡಿ, ಆದರೆ ಕೂಸಿನ ಕೈಗೆ ಬೇಡ, ಅಕ್ಕನ ಕೈಗಿರಲಿ. ಈ ವಯಸ್ಸಿನಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ; ಕಳಚಿದ ಮಣಿ ಗಂಟಲಲ್ಲಿ ಸಿಕ್ಕಿದರೆ ಜೀವಕ್ಕೇ ಅಪಾಯ. ಹಳೆಯ ಕೆಂಪು, ಹಳದಿ ಗಾಜಿನಲ್ಲಿ ಸೀಸ, ಕ್ಯಾಡ್ಮಿಯಂ ಇರುವುದೂ ಉಂಟು. ಕೂಸು ದೊಡ್ಡದಾದ ಮೇಲೆ ಅದರ ಅಳತೆಗೆ ಮತ್ತೆ ಪೋಣಿಸಿಕೊಡಬಹುದು.

ಹರಿದ ಎಳೆಗಳನ್ನಷ್ಟೇ ಬಳಸಿ, ಗಟ್ಟಿಯಿರುವ ಸರ ಮುಟ್ಟಬೇಡಿ. ಗಿಡ ಬೆಳೆಸಿ ಹೆಸರಾದ ಹಾಲಕ್ಕಿ ಅಜ್ಜಿ, ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ದಿಲ್ಲಿಗೆ ಹೋಗಿ ಪದ್ಮಶ್ರೀ ಪಡೆದಾಗಲೂ ಕೊರಳಲ್ಲಿದ್ದದ್ದು ಇಂಥ ಸರಗಳೇ. ಇದ್ದ ಹಾಗೇ ಉಳಿಯಬೇಕಾದ ಒಡವೆ ಅದು. ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಬಣ್ಣದ ಸಾಲು ಒಮ್ಮೆ ಕಲಸಿಹೋದರೆ ನೆನಪಿನಿಂದ ಜೋಡಿಸಲಾಗದು. ತಟ್ಟೆಯಲ್ಲಿ ಟವೆಲ್ ಹಾಸಿ ಅದರ ಮೇಲೆ ಕತ್ತರಿಸಿ, ಮಣಿ ಉರುಳುವುದಿಲ್ಲ.

ಗಾಜಿನ ಮಣಿಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ಎರಡು ನಿಮಿಷ ಅಲ್ಲಾಡಿಸಿ ತೊಳೆಯಿರಿ. ಹವಳ, ಮುತ್ತು ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹುಣಸೆ, ಲಿಂಬೆ ತಾಗಿಸಲೇಬೇಡಿ, ಹುಳಿಗೆ ಅವುಗಳ ಮೈ ಕರಗಿ ಹೊಳಪು ಹೋಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಫ್ಯಾನಿನಡಿ ಹರವಿ. ತೂತಿನೊಳಗೆ ಪಸೆ ಉಳಿದರೆ, ಹತ್ತಿ ದಾರವಾದರೆ ಅಲ್ಲಿಂದಲೇ ಕೊಳೆಯಲು ಶುರು.

ಆಮೇಲೆ ಪ್ರತಿ ಮಣಿಯೊಳಗೂ ದಾರ ಹಾಕಿ ಹತ್ತು ಸಲ ಹಿಂದೆ ಮುಂದೆ ಎಳೆಯಿರಿ. ದಾರಕ್ಕೆ ಜುಂಗು ಎದ್ದರೆ ತೂತಿನ ಅಂಚು ಒಡೆದಿದೆ ಎಂದರ್ಥ, ಅದನ್ನು ಬದಿಗಿಡಿ. ಸರ ಹರಿಯುವುದು ಹೆಚ್ಚಾಗಿ ಇಂಥ ಒಂದೇ ಮಣಿಯಿಂದ.

ಸಪೂರ ನೈಲಾನ್ ಮಣಿದಾರ ತನ್ನಿ. ಗಾಳದ ನೂಲು ಅಗ್ಗಕ್ಕೆ ಸಿಗುತ್ತದೆ, ಆದರೆ ಗಂಟು ನಿಲ್ಲದು, ತುದಿ ಚುಚ್ಚುತ್ತದೆ. ಇಲಾಸ್ಟಿಕ್ ಬೆವರಿಗೂ ಬಾಣಂತಿ ಮೈಗೆ ಹಚ್ಚುವ ಎಣ್ಣೆಗೂ ಸಡಿಲವಾಗುತ್ತದೆ. ಮಣಿಕಟ್ಟಿನ ಸುತ್ತಳತೆಗೆ ಒಂದೂವರೆ ಸೆಂಟಿಮೀಟರ್ ಸೇರಿಸಿ ಉದ್ದ ಹಿಡಿಯಿರಿ. ಒಂದೂವರೆ ಮೀಟರ್ ದಾರವನ್ನು ಎರಡೆಳೆ ಮಾಡಿ, ಮೂರು ಮಣಿಗೊಂದು ಗಂಟು ಹಾಕುತ್ತ ಹೋಗಿ; ಎಲ್ಲಾದರೂ ತುಂಡಾದರೂ ಎಲ್ಲ ಮಣಿ ಚೆಲ್ಲುವುದಿಲ್ಲ. ಬಿಗಿಯಾಗಿ ಜಗ್ಗಬೇಡಿ, ಗಾಜಿಗೆ ಗಾಜು ಉಜ್ಜಿ ದಾರ ಸವೆಯುತ್ತದೆ. ತುದಿಗಳನ್ನು ಕೊನೆಯ ಮೂರು ಮಣಿಗಳೊಳಗೆ ಹಿಂದಕ್ಕೆ ತೂರಿಸಿ ಕತ್ತರಿಸಿ. ಗಂಟಿಗೆ ಫೆವಿಕ್ವಿಕ್ ಹಾಕಿದರೆ ದಾರ ಅಲ್ಲೇ ಗಡುಸಾಗಿ ಮುರಿಯುತ್ತದೆ. ಬೆಳ್ಳಿ ಕೊಕ್ಕೆಯನ್ನು ಅಕ್ಕಸಾಲಿ ಶೇಟರ ಹತ್ತಿರ ಮಾಡಿಸಿ, ಅದರಲ್ಲಿ ದಾರ ಕಟ್ಟುವ ಪುಟ್ಟ ಬಳೆಯ ಬಾಯಿಗೆ ಬೆಸುಗೆ ಹಾಕಲು ಹೇಳಿ. ಬಾಯಿ ತೆರೆದಿದ್ದರೆ ದಾರ ಜಾರುತ್ತದೆ.

ಉಳಿದ ಮಣಿಗಳನ್ನು ಡಬ್ಬಿಯಲ್ಲಿಡಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ದಾರ ಬದಲಿಸಿ.