ಮೇಷ್ಟ್ರನ್ನು ಕೇಳಿ: ನಮ್ಮೂರ ಚರಿತ್ರೆ ಯಾರು ಬರೀಬೇಕು?

ಹೋದ ತಿಂಗಳು ಈ ಅಂಕಣದಲ್ಲಿ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಕಿಲ್ಮಾರ್ಟಿನ್ ಅನ್ನುವ ಹಳ್ಳಿಯ ಬಗ್ಗೆ ಬರೆದಿದ್ದೆ. ಮಗಳ ಮನೆಗೆ ಹೋದಾಗ ನೋಡಿ ಬಂದ ಊರು. ಒಂದು ಚರ್ಚು, ಒಂದು ಹೋಟೆಲು, ರಸ್ತೆ ಬದಿ ಒಂದಷ್ಟು ಮನೆ. ಅಷ್ಟಕ್ಕೇ ಆ ಊರಿಗೆ ಸ್ವಂತದ್ದೊಂದು ಮ್ಯೂಸಿಯಂ! ಅದನ್ನು ಓದಿ ಬಂದ ಪತ್ರಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಕೊರಟಗೆರೆಯ ಒಬ್ಬರು ವಿಸ್ಕಿ ಬಗ್ಗೆ ಮಾತ್ರ ಕೇಳಿದ್ದಾರೆ. ಸ್ವಾಮಿ, ಅದು ನನ್ನ ಸಬ್ಜೆಕ್ಟ್ ಅಲ್ಲ. ಉಳಿದವರಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಅಲ್ಲಿ ಸಣ್ಣ ಸಣ್ಣ ಹಳ್ಳಿಗೂ ಚರಿತ್ರೆ ಬರೆದಿಟ್ಟಿದ್ದಾರೆ ಅಂದಿರಿ. ನಮ್ಮೂರಲ್ಲಿ ಕೋಟೆ ಇಲ್ಲ, ಅರಮನೆ ಇಲ್ಲ, ಯಾವ ರಾಜನೂ ಬಂದಿಲ್ಲ. ಬರೆಯೋದಾದರೂ ಏನನ್ನ? (ಶಿರಾ ತಾಲ್ಲೂಕಿನ ಓದುಗರು)

ರಾಜ ಬಂದರೇನೇ ಊರಿಗೆ ಚರಿತ್ರೆ ಅಂತ ನಮಗೆ ಕಲಿಸಿದವರು ಯಾರೋ! ನಾನೂ ಮೂವತ್ತು ಚಿಲ್ಲರೆ ವರ್ಷ ಅದನ್ನೇ ಪಾಠ ಮಾಡಿದವನು, ಪಠ್ಯಪುಸ್ತಕದಲ್ಲಿ ಇದ್ದದ್ದೇ ಅದು. ಸ್ಕಾಟ್ಲೆಂಡಿನವರು ಇದನ್ನು ಬೇರೆ ಥರ ಮಾಡಿದರು.

ಅಲ್ಲಿ ಸರ್ ಜಾನ್ ಸಿಂಕ್ಲೇರ್ ಅಂತ ಒಬ್ಬರಿದ್ದರು. ಜಮೀನ್ದಾರರು, ಪಾರ್ಲಿಮೆಂಟ್ ಸದಸ್ಯರು. 1790ರಲ್ಲಿ ದೇಶದ ಪ್ರತಿ ಊರಿನ ಪಾದ್ರಿಗೂ ಒಂದು ಪ್ರಶ್ನೆಪಟ್ಟಿ ಕಳಿಸಿದರು. ಒಂದಲ್ಲ ಎರಡಲ್ಲ, 160 ಪ್ರಶ್ನೆ! ನಿಮ್ಮೂರಲ್ಲಿ ಬಾವಿ ಹೊಳೆ ಏನಿವೆ, ಯಾವ ಕಾಯಿಲೆ ಜಾಸ್ತಿ, ಜನ ಎಷ್ಟು, ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳು ಎಷ್ಟು, ಆಳಿನ ಕೂಲಿ ಎಷ್ಟು, ಮಾಂಸದ ಬೆಲೆ ಏನು, ಶಾಲೆ ಮೇಷ್ಟ್ರಿಗೆ ಸಂಬಳ ಎಷ್ಟು, ಊರವರ ಸ್ವಭಾವ ಹೇಗೆ. ಹೀಗೆ. ಊರಲ್ಲಿ ಚೆನ್ನಾಗಿ ಓದಿಕೊಂಡವರು, ಎಲ್ಲರ ಮನೆಗೂ ಹೋಗಿ ಬರುವವರು ಪಾದ್ರಿಗಳು. ಅವರು ಬರೆದ ಉತ್ತರ ಸೇರಿಸಿ 1791ರಿಂದ 1799ರ ಒಳಗೆ 21 ಸಂಪುಟ ಅಚ್ಚಾಯಿತು. ಒಂಬೈನೂರಕ್ಕೂ ಹೆಚ್ಚು ಪಾದ್ರಿ ವಲಯಗಳ ಕಥೆ ಅದರಲ್ಲಿದೆ. ಉತ್ತರ ಕೊಡದೆ ಸುಮ್ನೆ ಕೂತ ಪಾದ್ರಿಗಳೂ ಇದ್ದರು. ಅವರಿಗೆ ಜ್ಞಾಪನ ಪತ್ರದ ಮೇಲೆ ಪತ್ರ ಹೋಯಿತು. ಅದಕ್ಕೂ ಜಗ್ಗದವರ ಊರಿಗೆ ಸಿಂಕ್ಲೇರ್ ತಮ್ಮ ಕಡೆಯ ಜನರನ್ನೇ ಕಳಿಸಿ ಬರೆಸಿದರು. ಡಿಡಿಪಿಐ ಆಫೀಸಿಗೆ ಮಾಹಿತಿ ಕಳಿಸದ ಹೆಡ್‌ಮಾಸ್ಟರ್‌ಗಳ ಕಥೆ ನೆನಪಾಗಿ ನನಗೆ ನಗು ಬಂತು.

ಆಮೇಲೆ 1834ರಿಂದ 1845ರವರೆಗೆ ಎರಡನೇ ಸಲ ಇದೇ ಕೆಲಸ ಮಾಡಿದರು. ಮೂರನೇ ಸಲ ಇಪ್ಪತ್ತನೇ ಶತಮಾನದಲ್ಲಿ. ಈಗ ಅಲ್ಲಿನ ಒಬ್ಬ ಹುಡುಗಿ ತನ್ನೂರಿನ ಆಳಿನ ಕೂಲಿ ಮುತ್ತಾತನ ಕಾಲಕ್ಕೂ ಅವನ ಮಗನ ಕಾಲಕ್ಕೂ ಎಷ್ಟು ಏರಿತು ಅಂತ ಮನೆಯಲ್ಲೇ ಕೂತು ನೋಡಬಹುದು.

ನೀವೂ ಹಾಗೇ ಶುರು ಮಾಡಿ. ನೂರ ಅರವತ್ತು ಬೇಡ, ಹತ್ತು ಪ್ರಶ್ನೆ ಸಾಕು. ನಮ್ಮ ಸೀಮೆಯಲ್ಲಿ ಮೊದಲನೇ ಪ್ರಶ್ನೆ ನೀರಿಂದೇ ಆಗಬೇಕು. ಕೆರೆ ಕೋಡಿ ಬಿದ್ದದ್ದು ಕೊನೆಗೆ ಯಾವಾಗ? ತೂಬು ಎತ್ತುತ್ತಿದ್ದ ನೀರುಗಂಟಿ ಯಾರ ಮನೆಯವರು, ಅವರಿಗೆ ಸುಗ್ಗಿಯಲ್ಲಿ ಎಷ್ಟು ರಾಗಿ ಕೊಡುತ್ತಿದ್ದರು? ಮೊದಲ ಬೋರ್‌ವೆಲ್ ಯಾರ ಹೊಲದಲ್ಲಿ, ಎಷ್ಟು ಅಡಿಗೆ ನೀರು ಬಂತು? ಈಗ ಎಷ್ಟು ಅಡಿ? ಈ ಒಂದು ಲೆಕ್ಕ ಬರೆದರೆ ಊರಿನ ಅರ್ಧ ಚರಿತ್ರೆ ಬರೆದ ಹಾಗೆ. ಕೋಲಾರದವರು ಇನ್ನೊಂದು ಸಾಲು ಸೇರಿಸಿಕೊಳ್ಳಲಿ: 2018ರಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಿಮ್ಮ ಕಡೆಯ ಕೆರೆಗಳಿಗೆ ಬಿಡೋಕೆ ಶುರು ಮಾಡಿದರಲ್ಲ, ಅದು ನಿಮ್ಮೂರಿಗೆ ಯಾವ ತಿಂಗಳು ಬಂತು, ಜನ ಏನಂದರು. ಇನ್ನೈವತ್ತು ವರ್ಷಕ್ಕೆ ಇದನ್ನು ಹೇಳುವವರು ಸಿಗಲ್ಲ.

ಆಮೇಲೆ ಹಗೇವು, ಅಂದರೆ ಧಾನ್ಯ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ನಿಮ್ಮೂರಲ್ಲಿ ರಾಗಿ ಹಗೇವು ಎಲ್ಲೆಲ್ಲಿ ಇದ್ದವು ಅಂತ ಎಪ್ಪತ್ತು ದಾಟಿದವರನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿಕೊಳ್ಳಿ. ಎಷ್ಟೋ ಕಡೆ ಅದರ ಮೇಲೆ ಈಗ ಕಾಂಕ್ರೀಟ್ ರಸ್ತೆ ಇದೆ. ಒಂದು ಮಾತು ಮರೀಬೇಡಿ. ಅರಳಿಕಟ್ಟೆ ಮೇಲೆ ಕೂತ ಗಂಡಸರನ್ನೇ ಕೇಳಿದರೆ ಬರೀ ಪಾರ್ಟಿ ಜಗಳದ ಚರಿತ್ರೆ ಸಿಗುತ್ತದೆ. ನೀರು ಹೊತ್ತವರು ಹೆಂಗಸರು. ಯಾವ ಬಾವಿಗೆ ಯಾರು ಬರುವ ಹಾಗಿತ್ತು, ಯಾರು ಬರುವ ಹಾಗಿರಲಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ಅದನ್ನೂ ಬರೆಯಿರಿ. ಮುಚ್ಚಿಡಬೇಡಿ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಶಿಕ್ಷಕಿ. ಅವರಿಗೆ ಚರ್ಚಿನ ಪುಸ್ತಕ ಇವೆ. ನಾವು ದಾಖಲೆ ಎಲ್ಲಿ ಹುಡುಕೋದು ಸರ್? (ಪಾವಗಡ)

ತಾಯಿ, ನೀವು ಕೂತಿರುವ ಕುರ್ಚಿ ಹಿಂದಿನ ಬೀರುವಿನಲ್ಲೇ ಇದೆ. ಶಾಲೆಯ ದಾಖಲಾತಿ ರಿಜಿಸ್ಟರ್! ಯಾವ ಮನೆಯ ಮಕ್ಕಳು ಮೊದಲು ಶಾಲೆಗೆ ಬಂದರು, ಹೆಣ್ಣುಮಕ್ಕಳು ಯಾವ ವರ್ಷದಿಂದ ಬಂದರು, ಯಾವ ತರಗತಿಗೆ ಬಿಟ್ಟರು, ಎಲ್ಲಾ ಅದರಲ್ಲಿದೆ.

ಸ್ಕಾಟ್ಲೆಂಡಿನಲ್ಲಿ ಚರ್ಚಿನವರು ಜನನ, ಮದುವೆ, ಸಾವು ಬರೆದಿಡುತ್ತಿದ್ದರು. 1855ರಿಂದ ಸರ್ಕಾರವೇ ಬರೆಯತೊಡಗಿತು. ಚರ್ಚಿನ ಹಿರಿಯರ ಸಭೆಯ ನಡಾವಳಿ ಪುಸ್ತಕಗಳೂ ಇವೆ. ಯಾರು ಯಾರಿಗೆ ಬೈದರು, ಯಾರಿಗೆ ದಂಡ, ಯಾರನ್ನು ಎಲ್ಲರೆದುರು ಸ್ಟೂಲಿನ ಮೇಲೆ ಕೂರಿಸಿ ತಪ್ಪೊಪ್ಪಿಸಿದರು ಅಂತ. ನಮ್ಮ ಕುಲ ಪಂಚಾಯ್ತಿ ನೋಡಿದವರಿಗೆ ಇದೇನು ಹೊಸದಲ್ಲ. ನಮ್ಮವರು ಬರೆದಿಡಲಿಲ್ಲ, ಅಷ್ಟೇ.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಶಾಲೆಗಳ ದಿನಚರಿ ಪುಸ್ತಕ. ಹೆಡ್‌ಮಾಸ್ಟರ್ ಹಾಜರಾತಿ ಯಾಕೆ ಕಡಿಮೆ ಅಂತ ಬರೆಯುತ್ತಿದ್ದರು. ಅಕ್ಟೋಬರ್ ಬಂದರೆ ಮಕ್ಕಳೆಲ್ಲ ಆಲೂಗಡ್ಡೆ ಆರಿಸೋಕೆ ಹೊಲಕ್ಕೆ. ಕೊನೆಗೆ ಆ ದಿನಗಳಿಗೆ ರಜೆಯನ್ನೇ ಕೊಟ್ಟುಬಿಟ್ಟರು. ಈಗಲೂ ಜನ ಅಕ್ಟೋಬರ್ ರಜೆಯನ್ನು ಆಲೂಗಡ್ಡೆ ರಜೆ ಅಂತಲೇ ಕರೆಯುವುದುಂಟು. ನಿಮ್ಮ ಪಾವಗಡದಲ್ಲಿ ಕಡಲೆಕಾಯಿ ಕೀಳೋ ಕಾಲಕ್ಕೆ ಕ್ಲಾಸು ಖಾಲಿಯಾಗುತ್ತಿತ್ತಲ್ಲ, ಅದು ಯಾವ ರಿಜಿಸ್ಟರಿನಲ್ಲೂ ಇರಲ್ಲ. ನಿವೃತ್ತ ಮೇಷ್ಟ್ರುಗಳನ್ನು ಹಿಡಿದು ಕೇಳಿ.

ಉಳಿದ ದಾಖಲೆ ಇನ್ನೂ ಇವೆ. ತಾಲ್ಲೂಕು ಸರ್ವೆ ಆಫೀಸಿನ ಗ್ರಾಮ ನಕ್ಷೆಯಲ್ಲಿ ಬತ್ತಿದ ಹಳ್ಳ, ಮಾಯವಾದ ಗುಂಡುತೋಪು, ಜನ ಬಿಟ್ಟುಹೋದ ಬೇಚರಾಕ್ ಗ್ರಾಮ ಎಲ್ಲಾ ಕಾಣುತ್ತವೆ. ಶ್ಯಾನುಭೋಗರ ಮನೆತನ ಇದ್ದರೆ ಅಟ್ಟದ ಮೇಲೆ ಕಡತ ಇದೆಯಾ ಅಂತ ವಿಚಾರಿಸಿ. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲು ಬಳಿದು ಕಪ್ಪು ಹಲಗೆಯ ಹಾಗೆ ಮಾಡಿ, ಮಡಚಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಚರಿತ್ರೆ ಅಲ್ಲಿಗೇ ಸ್ವಚ್ಛ! ಹೆಳವರು ಬಂದು ವಂಶಾವಳಿ ಹೇಳುವ ಮನೆಗಳಿದ್ದರೆ, ಈ ಸಲ ಬಂದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರನ್ನು ಕೇಳಿಯೇ ಮಾಡಿ.

ಶಾಸನಕ್ಕೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕ. ತುಮಕೂರು ಜಿಲ್ಲೆಯದು 12ನೇ ಸಂಪುಟ, ಕೋಲಾರದ್ದು 10ನೇದು. ಚಿಕ್ಕಬಳ್ಳಾಪುರದವರು ನಮ್ಮ ಸಂಪುಟ ಎಲ್ಲಿ ಅಂತ ಹುಡುಕಬೇಡಿ. ನೀವು ಬೇರೆ ಜಿಲ್ಲೆಯಾದದ್ದು 2007ರಲ್ಲಿ, ನಿಮ್ಮ ಕಲ್ಲುಗಳೆಲ್ಲ ಕೋಲಾರದ ಸಂಪುಟದಲ್ಲೇ ಇವೆ. ತಾಲ್ಲೂಕುವಾರು ನಂಬರು ಕೊಟ್ಟಿದ್ದಾರೆ, ಊರ ಹೆಸರು ಹುಡುಕೋದು ಸುಲಭ.

ಪ್ರಶ್ನೆ: ಸ್ಕಾಟ್ಲೆಂಡಿಗೂ ನಮಗೂ ಏನಾದರೂ ನಂಟು ಉಂಟಾ, ಅಥವಾ ಸುಮ್ನೆ ಬರೆದಿರಾ? (ಚಿಕ್ಕಬಳ್ಳಾಪುರ)

ಉಂಟು. ಸ್ಕಾಟ್ಲೆಂಡಿನ ಕ್ಯಾಲಂಡರ್ ಅನ್ನುವ ಊರಿನ ಕಡೆ 1762ರಲ್ಲಿ ಹುಟ್ಟಿದ ಫ್ರಾನ್ಸಿಸ್ ಬುಕಾನನ್ ಅನ್ನುವ ಡಾಕ್ಟರು 1800ರಲ್ಲಿ ನಿಮ್ಮೂರಿಗೆ ಬಂದಿದ್ದರು. ಟಿಪ್ಪು ಸತ್ತ ಮಾರನೇ ವರ್ಷ. ಮೈಸೂರು ಸೀಮೆ ಹೇಗಿದೆ ನೋಡಿ ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದು. ಕೋಲಾರ, ಚಿಕ್ಕಬಳ್ಳಾಪುರ, ಮಧುಗಿರಿ, ಶಿರಾ ಎಲ್ಲಾ ಸುತ್ತಿದರು. ರಾಗಿ ಹೇಗೆ ಬಿತ್ತುತ್ತೀರಿ, ಗೇಣಿ ಎಷ್ಟು, ಆಳಿಗೆ ಏನು ಕೊಡುತ್ತೀರಿ ಅಂತ ಹೋದಲ್ಲೆಲ್ಲ ಕೇಳಿದರು. ನಿಮ್ಮ ಚಿಕ್ಕಬಳ್ಳಾಪುರದ ಬಿಳಿ ಸಕ್ಕರೆ, ಕಲ್ಲುಸಕ್ಕರೆ ಬಗ್ಗೆಯೂ ಬರೆದಿದ್ದಾರೆ. ಪುಸ್ತಕ ಮೂರು ಸಂಪುಟದಲ್ಲಿ 1807ರಲ್ಲಿ ಬಂತು.

ಇನ್ನೊಬ್ಬರು ಕಾಲಿನ್ ಮೆಕೆಂಜಿ. ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನವರು. ಮೈಸೂರು ಸರ್ವೆ ಮಾಡಿಸಿದವರು, ಆಮೇಲೆ 1815ರಲ್ಲಿ ಇಡೀ ಇಂಡಿಯಾಕ್ಕೆ ಮೊದಲ ಸರ್ವೇಯರ್ ಜನರಲ್ ಆದರು. ಊರೂರಿನ ಕೈಫಿಯತ್ತು, ಅಂದರೆ ಊರವರು ಹೇಳಿ ಬರೆಸಿದ ಊರಿನ ಹಳೆಯ ವೃತ್ತಾಂತ, ಸಂಗ್ರಹಿಸಿದ್ದು ಅವರೇ. ಅವರೇ ಅಂತ ಹೇಳೋದು ಅಷ್ಟು ಸರಿಯಲ್ಲ. ಓಡಾಡಿ, ಕೇಳಿ, ಬರೆದುಕೊಂಡವರು ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮುಂತಾದ ನಮ್ಮ ದೇಶದವರು. ಹೆಸರು ಸಾಹೇಬರಿಗೆ ಬಂತು.

ಒಂದು ವಿಷಯ ನನಗೆ ಕೊರೆಯುತ್ತದೆ. ಅಲ್ಲಿ 1799ಕ್ಕೆ ಪ್ರಶ್ನೆಪಟ್ಟಿ ಕೆಲಸ ಮುಗಿಯಿತು, ಇಲ್ಲಿ 1800ಕ್ಕೆ ಬುಕಾನನ್ ಅದೇ ಥರದ ಪ್ರಶ್ನೆ ಹಿಡಿದು ಬಂದರು. ಅಲ್ಲಿ ಬರೆದದ್ದು ಊರಲ್ಲೇ ಬಾಳುವ ಪಾದ್ರಿ. ಇಲ್ಲಿ ಕೇಳಿದವರು ದೊರೆಗಳು, ಹೇಳಿದವರು ರೈತರು, ಪುಸ್ತಕ ಓದಿದ್ದು ಲಂಡನ್ನಿನವರು. ಕಂದಾಯ ಜಾಸ್ತಿ ಮಾಡ್ತಾರೆ ಅಂತ ಹೆದರಿ ನಮ್ಮವರು ಎಷ್ಟು ಮುಚ್ಚಿಟ್ಟಿರಬೇಡ! ಆ ಪುಸ್ತಕ ಓದುವಾಗ ಇದು ತಲೆಯಲ್ಲಿರಲಿ.

ಪ್ರಶ್ನೆ: ನಮ್ಮೂರ ಕೆರೆ ಏರಿ ಹತ್ತಿರ ಒಂದು ವೀರಗಲ್ಲು ಬಿದ್ದಿದೆ. ಯುವಕ ಸಂಘದವರು ಎತ್ತಿ ಗುಡಿ ಮುಂದೆ ನಿಲ್ಲಿಸಿ ಬಣ್ಣ ಬಳಿಸೋಣ ಅಂತಿದ್ದಾರೆ. ಮಾಡಬಹುದಾ? (ಮಾಲೂರು)

ಬಣ್ಣ ಬೇಡ. ದಯವಿಟ್ಟು ಬೇಡ. ಎನಾಮಲ್ ಪೇಂಟು ಅಕ್ಷರದೊಳಗೆ ಕೂತರೆ ಮುಗೀತು. ಎಣ್ಣೆ, ಸುಣ್ಣವೂ ಬೇಡ. ಈಗಿರುವ ಜಾಗದಲ್ಲೇ ಮೊದಲು ಫೋಟೋ ತೆಗೆಯಿರಿ. ಮಟಮಟ ಮಧ್ಯಾಹ್ನ ಬೇಡ, ಬೆಳಗ್ಗೆ ಅಥವಾ ಸಂಜೆ. ಇಲ್ಲ ಅಂದರೆ ರಾತ್ರಿ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಬಿಡಿ. ಹಗಲು ಕಾಣದ ಅಕ್ಷರ ಎದ್ದು ಕಾಣುತ್ತವೆ. ಎಲ್ಲಿ ಬಿದ್ದಿದೆ, ಯಾವ ದಿಕ್ಕಿಗೆ ಮುಖ ಅಂತ ಬರೆದುಕೊಳ್ಳಿ. ಆಮೇಲೆ ಪುರಾತತ್ವ ಇಲಾಖೆಗೆ ಒಂದು ಅರ್ಜಿ, ತಹಶೀಲ್ದಾರರಿಗೆ ಅದರ ಪ್ರತಿ. ಅವರು ಹೇಳುವ ತನಕ ಕಲ್ಲು ಎತ್ತಬೇಡಿ.

ಕಿಲ್ಮಾರ್ಟಿನ್ ಚರ್ಚಿನ ಅಂಗಳದಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಇಂಥ ಕಲ್ಲುಗಳ ಮುಂದೇನೇ. ನಾನ್ನೂರು, ಐನೂರು, ಅದಕ್ಕಿಂತ ಹಳೆಯ ಗೋರಿ ಹಾಸುಗಲ್ಲುಗಳು. ಆಳುದ್ದ ಚಪ್ಪಡಿ, ನಡುವೆ ಉದ್ದಕ್ಕೆ ಒಂದು ಕತ್ತಿ, ಸುತ್ತ ಬಳ್ಳಿ ಹೆಣೆದ ಹಾಗೆ ಕೆತ್ತನೆ. ಕೆಲವದರ ಮೇಲೆ ದಪ್ಪ ಹೊಲಿಗೆಯ ಅಂಗಿ ತೊಟ್ಟ ಯೋಧನೇ ನಿಂತಿದ್ದಾನೆ. ಮಳೆಗೆ ಸವೆಯದ ಹಾಗೆ ಸುಮಾರು ಕಲ್ಲುಗಳಿಗೆ ಸೂರು ಮಾಡಿಸಿದ್ದಾರೆ. ಬಣ್ಣ ಬಳಿದಿಲ್ಲ, ಹೂ ಮುಡಿಸಿಲ್ಲ. ಪಕ್ಕದಲ್ಲಿ ಓದೋಕೆ ಒಂದು ಫಲಕ, ಅಷ್ಟೇ.

ಒಂದು ವ್ಯತ್ಯಾಸ ಇದೆ, ಅದರಲ್ಲಿ ನಮ್ಮದೇ ಕೈ ಮೇಲು ಅನ್ನಿಸಿತು. ಅಲ್ಲಿನ ಕಲ್ಲುಗಳು ಬಹಳಷ್ಟು ಉಳ್ಳವರವು. ನಮ್ಮ ಕೋಲಾರ, ತುಮಕೂರು ಸೀಮೆಯ ಎಷ್ಟೋ ವೀರಗಲ್ಲು ತುರುಗೋಳಿನಲ್ಲಿ, ಅಂದರೆ ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನದ್ದು. ಅವನು ಸಾಮಾನ್ಯ ಆಳೂ ಆಗಿರಬಹುದು. ಕೆಳಗಿನ ಹಂತದಲ್ಲಿ ಹೊಡೆದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು. ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಹೀಗೆ ಹೋರಾಡಿ ಸತ್ತ ಸಾಮಾನ್ಯರ ಹೆಸರು ಕಲ್ಲಿಗೆ ಬಂದದ್ದು ಹೆಚ್ಚಾಗಿ 1914ರ ಯುದ್ಧ ಆದಮೇಲೆ. ಈಗ ಹೆಚ್ಚುಕಡಿಮೆ ಪ್ರತಿ ಊರಲ್ಲೂ ಒಂದು ಸ್ಮಾರಕ ಇದೆ. ನವೆಂಬರಿನಲ್ಲಿ ಕೆಂಪು ಗಸಗಸೆ ಹೂವಿನ ಹಾರ ಇಟ್ಟು ಹೆಸರುಗಳನ್ನು ಓದುತ್ತಾರೆ.

ಪ್ರಶ್ನೆ: ಅಲ್ಲಿ ಜಾತ್ರೆ ಇದೆಯಾ? (ಸಿದ್ದಗಂಗೆ ಜಾತ್ರೆಗೆ ತಪ್ಪದೆ ಹೋಗುವ ಒಬ್ಬರು)

ತೇರು ಇಲ್ಲ, ದನದ ಪರಿಷೆ ಇಲ್ಲ. ಬೇಸಿಗೆಯಲ್ಲಿ ಊರ ಹಬ್ಬ, ಹೈಲ್ಯಾಂಡ್ ಆಟಗಳು. ಮರದ ದಿಮ್ಮಿ ಎತ್ತಿ ಎಸೆಯುತ್ತಾರೆ, ಬ್ಯಾಗ್‌ಪೈಪ್ ಊದುತ್ತಾರೆ. ದಕ್ಷಿಣದ ಗಡಿಯ ಹಾವಿಕ್, ಸೆಲ್ಕಿರ್ಕ್‌ನಂಥ ಊರುಗಳಲ್ಲಿ ಜೂನ್ ತಿಂಗಳು ಕುದುರೆ ಏರಿ ಊರಿನ ಎಲ್ಲೆ ಸುತ್ತುತ್ತಾರೆ. ನಮ್ಮ ಗೋಮಾಳದ ಗಡಿಯನ್ನೂ ವರ್ಷಕ್ಕೊಂದು ಸಲ ಹೀಗೆ ಸುತ್ತಿದ್ದರೆ ಎಷ್ಟೋ ಉಳಿದಿರುತ್ತಿತ್ತು, ಅಲ್ವಾ?

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ? ಅಲ್ಲಿನ ಪಂಚಾಯ್ತಿಯಾ? (ತಿಪಟೂರು)

ಕಮ್ಯುನಿಟಿ ಕೌನ್ಸಿಲ್ ಅಂತ ಇದೆ. ನಮ್ಮ ಗ್ರಾಮ ಪಂಚಾಯ್ತಿಗೆ ಇರುವಷ್ಟು ಅಧಿಕಾರವಾಗಲೀ ದುಡ್ಡಾಗಲೀ ಅದಕ್ಕಿಲ್ಲ. ಲಾಟರಿ ದುಡ್ಡಿನ ಒಂದು ಪಾಲು ಪರಂಪರೆ ಕೆಲಸಕ್ಕೆ ಬರುತ್ತದೆ. ಉಳಿದದ್ದು ಕೇಕು ಮಾರಿ, ಸೂಪು ಮಾರಿ ಕೂಡಿಸೋದು. ಎಗ್ ಅನ್ನುವ ದ್ವೀಪದವರದ್ದು ಇನ್ನೂ ದೊಡ್ಡ ಕಥೆ. ಅಲ್ಲಿ ನೂರು ಜನವೂ ಇರಲಿಲ್ಲ. ಟ್ರಸ್ಟ್ ಮಾಡಿಕೊಂಡು, ಚಂದಾ ಎತ್ತಿ, 1997ರಲ್ಲಿ ಜಮೀನ್ದಾರನಿಂದ ದ್ವೀಪವನ್ನೇ ಕೊಂಡರು. 2008ರಲ್ಲಿ ಗಾಳಿ, ನೀರು, ಬಿಸಿಲು ಮೂರರಿಂದಲೂ ತಮ್ಮದೇ ಕರೆಂಟು ಮಾಡಿಕೊಂಡರು.

ಪ್ರಶ್ನೆ: ನಮ್ಮೂರಲ್ಲಿ ಪಾಂಡವರು ವನವಾಸ ಮಾಡಿದ್ದರು. ಊರ ಬಾಗಿಲಲ್ಲಿ ಬೋರ್ಡು ಹಾಕಿಸಬೇಕು ಅಂತ ತೀರ್ಮಾನ ಆಗಿದೆ. ಹಾಕಬಹುದಾ? (ಗೌರಿಬಿದನೂರು ತಾಲ್ಲೂಕು)

ಪಾಂಡವರು ತಂಗದ ಊರು ನಮ್ಮ ಮೂರು ಜಿಲ್ಲೆಯಲ್ಲಿ ಯಾವುದಿದೆ ಹೇಳಿ! ಕೈವಾರದವರು ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತಾರೆ. ಆವಣಿಯವರು ಲವ ಕುಶ ಹುಟ್ಟಿದ್ದು ನಮ್ಮಲ್ಲಿ ಅಂತಾರೆ. ಸ್ಕಾಟ್ಲೆಂಡಿನವರೂ ಕಡಿಮೆ ಇಲ್ಲ. ಸೋತು ಅಡಗಿದ್ದ ರಾಬರ್ಟ್ ಬ್ರೂಸ್ ಅನ್ನುವ ರಾಜ, ಬಲೆ ನೇಯೋಕೆ ಬಿದ್ದು ಬಿದ್ದು ಏಳುವ ಜೇಡ ನೋಡಿ ಧೈರ್ಯ ತಂದುಕೊಂಡ ಅಂತ ಒಂದು ಕಥೆ. ಆ ಗುಹೆ ನಮ್ಮದು ಅಂತ ಹಲವು ಊರುಗಳು ತೋರಿಸುತ್ತವೆ.

ಹಾಕಿಸಿ. ‘ಊರವರು ಹೇಳುವ ಕಥೆ’ ಅಂತ ಮೇಲೆ ಒಂದು ಸಾಲು ಇರಲಿ. ನಿಮ್ಮ ಹತ್ತಿರವೇ ವಿದುರಾಶ್ವತ್ಥ ಇದೆಯಲ್ಲ. ಅಶ್ವತ್ಥ ನೆಟ್ಟವನು ವಿದುರ ಅನ್ನೋದು ಕಥೆ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಚರಿತ್ರೆ. ಎರಡೂ ಒಂದೇ ಜಾಗದಲ್ಲಿವೆ, ಜನ ಎರಡನ್ನೂ ಹೇಳುತ್ತಾರೆ. ಹಾಗೇ ನಿಮ್ಮ ಬೋರ್ಡಿನಲ್ಲೂ ಪಾಂಡವರ ಕೆಳಗೆ ಅರ್ಧ ಜಾಗ ಬಿಡಿಸಿ. ಕೆರೆ ಕಟ್ಟಿಸಿದವರು ಯಾರು, ಶಾಲೆ ಶುರುವಾದ ವರ್ಷ ಯಾವುದು ಅಂತ ಅಲ್ಲಿ ಬರೆಸಿ. ಗೊತ್ತಿಲ್ಲವಾದರೆ ಗೊತ್ತು ಮಾಡಿಕೊಂಡ ಮೇಲೆ ಪೇಂಟರ್‌ನನ್ನು ಕರೆಯಿರಿ. ಅಧ್ಯಕ್ಷರ ಹೆಸರು ಮಾತ್ರ ಸಣ್ಣ ಅಕ್ಷರದಲ್ಲಿರಲಿ.