ಕೋಡಿಂಗ್ ಬರಂಗಿಲ್ಲ, ತಾನ ಹಾರೋ ವಿಮಾನದ ಕ್ಲಬ್ ಸೇರ್ಲೇನು?

ಮೆಕ್ಯಾನಿಕಲ್ ಸೆಕೆಂಡ್ ಇಯರ್, ಕೋಡಿಂಗ್ ಅಷ್ಟಕ್ಕಷ್ಟ, ಕ್ಲಬ್ಬಿನ್ಯಾಗ ನನಗೇನ್ ಕೆಲಸ ಇರತೈತಿ ಅಂತ ಕೇಳೀರಿ. ಸೇರ್ರಿ, ಯೋಚನಿ ಬ್ಯಾಡ. ನಾನೂ ಹುಬ್ಬಳ್ಳ್ಯಾಗ ಓದುವಾಗ ಮೂರು ವರ್ಷ ಅದರಾಗ ಇದ್ದೆ, ಖರೇ ಹೇಳ್ಬೇಕಂದ್ರ ಕೋಡ್ ಬರೆದದ್ದು ಭಾಳ ಕಡಿಮಿ. ಪಿಕ್ಸ್‌ಹಾಕ್ ಅನ್ನೋ ಕಂಟ್ರೋಲ್ ಬೋರ್ಡಿಗೆ ಆರ್ಡುಪೈಲಟ್ ಸಾಫ್ಟ್‌ವೇರ್ ಹಾಕಿದ್ರ ಹಾರೋ ಬುದ್ಧಿ ಪುಕ್ಕಟ ಸಿಗತೈತಿ (ಓಪನ್ ಸೋರ್ಸ್ ಐತಿ), ಮಿಷನ್ ಪ್ಲಾನರ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮಿನ್ಯಾಗ ಮ್ಯಾಪ್ ಮ್ಯಾಲೆ ಪಾಯಿಂಟ್ ಇಟ್ರ ವಿಮಾನ ಅದ ದಾರಿ ಹಿಡಿದು ಹೋಗತೈತಿ. ಉಳದದ್ದೆಲ್ಲಾ ಕೈಕೆಲಸನ.

ನಮ್ಮ ಮೊದಲನೇ ವಿಮಾನ ಬಿದ್ದದ್ದೂ ಕೋಡ್ ತಪ್ಪಿ ಅಲ್ರಿ. ರಿಮೋಟ್ ಸ್ಟಿಕ್ ಬಲಕ್ಕ ತಳ್ಳಿದ್ರ ವಿಮಾನ ಬಲಕ್ಕ ಹೊರಳತಿತ್ತು, ಮ್ಯಾನುವಲ್‌ನ್ಯಾಗ ಚಂದ ಹಾರ್ತು, ಆಟೋಕ್ಕ ಹಾಕಿದ ಕೂಡ್ಲೆ ಸ್ವಲ್ಪ ಎಡಕ್ಕ ವಾಲಿದ್ದನ್ನ ನೆಟ್ಟಗ ಮಾಡೋ ಬದ್ಲಿ ಇನ್ನಷ್ಟು ವಾಲಿಸಿ ಸೀದಾ ಎರಿಹೊಲದಾಗ ಮೂಗು ಊರ್ತು. ಸರ್ವೋ (ರೆಕ್ಕಿ ಪಟ್ಟಿ ತಿರುಗಿಸೋ ಸಣ್ಣ ಮೋಟಾರ್) ಉಲ್ಟಾ ಇತ್ತು, ನಾವು ಶಾಣ್ಯಾರು ರಿಮೋಟ್ ದಿಕ್ಕನೂ ಉಲ್ಟಾ ಮಾಡಿ ಸರಿ ಆತು ಅಂದ್ಕೊಂಡಿದ್ವಿ, ಆದ್ರ ಆಟೋ ರಿಮೋಟ್ ಕೇಳಂಗಿಲ್ಲ, ಅದಕ್ಕ ಸರ್ವೋ ಉಲ್ಟಾನ ಉಳಿತು. ಅದಕ್ಕ ಹಾರಸೋಕಿಂತ ಮೊದ್ಲು ಎಫ್‌ಬಿಡಬ್ಲ್ಯೂಎ ಮೋಡಿಗೆ (ಬೋರ್ಡ್ ತಾನ ವಿಮಾನ ನೆಟ್ಟಗ ಇಡೋ ಮೋಡ್) ಹಾಕಿ, ವಿಮಾನ ಕೈಯಾಗ ಹಿಡಕೊಂಡು ಬಲಕ್ಕ ವಾಲಿಸ್ರಿ, ಬಲಗಡಿ ಏಲಿರಾನ್ (ರೆಕ್ಕಿ ಹಿಂದಿನ ಅಂಚಿನ ಪಟ್ಟಿ) ಕೆಳಗ ಇಳಿಬೇಕು. ಇಳಿಲಿಲ್ಲಂದ್ರ ಸರ್ವೋ ರಿವರ್ಸ್ ಮಾಡ್ರಿ, ರಿಮೋಟ್ ಆಮ್ಯಾಲೆ.

ಇನ್ನೊಂದು, ಕಾಲೇಜ್ ಗ್ರೌಂಡಿನ್ಯಾಗ ಹಾರಸಾಕ ಹೋಗಬ್ಯಾಡ್ರಿ, ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಏರ್‌ಪೋರ್ಟ್ ಐತಿ. 2021ರ ಡ್ರೋನ್ ನಿಯಮದ ಪ್ರಕಾರ ಏರ್‌ಪೋರ್ಟಿನ 8 ಕಿ.ಮೀ. ಒಳಗ ಪರ್ಮಿಷನ್ ಬೇಕಾ ಬೇಕು, 8ರಿಂದ 12 ಕಿ.ಮೀ. ನಡುವ ಪರ್ಮಿಷನ್ ಇಲ್ದ 200 ಅಡಿ ತನಕ, ಅದರಾಚೆ ಗ್ರೀನ್ ಝೋನ್ (ಪರ್ಮಿಷನ್ ಬೇಡದ ಜಾಗ) ಇದ್ರ 400 ಅಡಿ, ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನ್ಯಾಗ ಬಣ್ಣ ನೋಡ್ಕೊಂಡ ಹೊಂಡ್ರಿ. ನಾವು ನಸುಕಿನ್ಯಾಗ ಎದ್ದು ಅಣ್ಣಿಗೇರಿ ಕಡೆ ಕಡ್ಲಿ ಕಿತ್ತ ಹೊಲಕ್ಕ ಹೋಗ್ತಿದ್ವಿ, ಗಾಳಿ ಏಳೋದ್ರೊಳಗ ಮುಗಸಬೇಕು. ಹೊಲದ ಯಜಮಾನ್ರು "ಇದು ಔಷಧ ಹೊಡಿತೈತೇನ್ರಪಾ?" ಅಂತ ಕೇಳಿದ್ರು, ಇಲ್ಲ ಅಂದ್ವಿ, "ಮತ್ತ ಯಾಕ ಹಾರಸ್ತೀರಿ?" ಅಂದ್ರು. ನಮ್ಮ ಕಡೆ ಉತ್ತರ ಇರ್ಲಿಲ್ಲ.

ಮೆಕ್ಯಾನಿಕಲ್ ಅಂದ್ರಲ್ಲ, ಕಾಸಿದ ನಿಕ್ರೋಮ್ ತಂತಿಲೆ ಥರ್ಮೋಕೋಲ್ ಕೊರಿಯೋದು ಕಲ್ಕೊಂಡ ಹೋಗ್ರಿ. ನಮ್ಮಲ್ಲೆ ಕೋಡ್ ಬರಿಯೋರು ಹತ್ತು ಮಂದಿ ಇದ್ರು, ಎರಡೂ ರೆಕ್ಕಿ ಒಂದ ಅಳತಿ ಬರೋಹಂಗ ಕೊರಿಯೋರು ಒಬ್ರಾ.