8,300 ಸುತ್ತಿನವರೆಗೆ ಕಾಯಬೇಕಾದ ಕಾರು

ನನ್ನ ಬಿಎಂಡಬ್ಲ್ಯು ಎಂ3 ಸೆಡಾನ್ ಓಡಿಸುವ ಅನುಭವದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಕಾರುಪ್ರಿಯರು ಇ90 ಅಂತ ಕರೆಯುವ ತಲೆಮಾರು ಅದು. ನಾಲ್ಕು ಬಾಗಿಲು, 4 ಲೀಟರ್ ವಿ8 ಎಂಜಿನ್, ಹಿಂಚಕ್ರದ ಚಾಲನೆ, ನನ್ನದರಲ್ಲಿ ಆರು ಗೇರಿನ ಮ್ಯಾನುಯಲ್. 2008ರಿಂದ 2011ರವರೆಗೆ ಮಾತ್ರ ತಯಾರಾದ ಸೆಡಾನ್. ಓದಿದವರು ಬಹಳ ಒಳ್ಳೆಯ ಪ್ರಶ್ನೆಗಳನ್ನು ಕಳಿಸಿದ್ದಾರೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಸ್ನೇಹಿತರ ಹತ್ತಿರ ಹೊಸ ಟರ್ಬೊ ಸೆಡಾನ್ ಇದೆ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಬೆನ್ನು ಸೀಟಿಗೆ ಅಂಟುತ್ತದೆ. ನಿಮ್ಮ ವಿ8 ಹಾಗೆ ನುಗ್ಗುತ್ತದಾ?

ಉತ್ತರ: ಹಾಗೆ ನುಗ್ಗುವುದಿಲ್ಲ. ಈ ಕಾರನ್ನು ನಾನು ಇಷ್ಟೊಂದು ಮೆಚ್ಚುವುದಕ್ಕೆ ಮುಖ್ಯ ಕಾರಣವೇ ಅದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಎಂಜಿನ್‌ಗೆ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಪಂಪು, ಇಲ್ಲ. ಎಂಟು ಸಿಲಿಂಡರ್‌ಗೂ ಗಾಳಿ ಒಳಗೆ ಬಿಡುವ ಒಂದೊಂದು ಥ್ರಾಟಲ್ ಇದೆ. ಗಾಳಿಯನ್ನು ತಾನೇ ಎಳೆದುಕೊಂಡು ಉಸಿರಾಡುತ್ತದೆ. ಅತಿ ಹೆಚ್ಚು ಟಾರ್ಕ್, ಅಂದರೆ ತಿರುಗಿಸುವ ಬಲ, 400 ನ್ಯೂಟನ್ ಮೀಟರ್, ಅದು ಸಿಗುವುದು 3,900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು). ಪೂರ್ತಿ 420 ಅಶ್ವಶಕ್ತಿ ಸಿಗುವುದು 8,300ರಲ್ಲಿ. ಇದರ ನಂತರ 2014ರಲ್ಲಿ ಬಂದ ಎಂ3ಗೆ ಎರಡು ಟರ್ಬೊ ಇದ್ದವು. ಅದರಲ್ಲಿ 550 ನ್ಯೂಟನ್ ಮೀಟರ್ ಟಾರ್ಕ್ 1,850 ಆರ್‌ಪಿಎಂಗೇ ಸಿದ್ಧ. ಆದರೆ ಅದರ ಶಕ್ತಿ 431, ಅಂದರೆ ಬರೀ 11 ಅಶ್ವಶಕ್ತಿ ಜಾಸ್ತಿ.

ಲೆಕ್ಕ ಸರಳ. ಶಕ್ತಿ ಅಂದರೆ ಟಾರ್ಕನ್ನು ಎಂಜಿನ್ ಸುತ್ತುವ ವೇಗದಿಂದ ಗುಣಿಸಿದ್ದು. 3,900ರಲ್ಲಿ ಪೂರ್ತಿ ಟಾರ್ಕ್ ಇದ್ದರೂ ನನ್ನ ಕಾರಿನ ಶಕ್ತಿ ಸುಮಾರು 220 ಅಶ್ವಶಕ್ತಿ, ಅಷ್ಟೇ. 8,300ಕ್ಕೆ ಹೋಗುವಾಗ ಟಾರ್ಕ್ 355ರ ಹತ್ತಿರಕ್ಕೆ ಇಳಿದಿರುತ್ತದೆ. ಆದರೆ ಸುತ್ತು ಎರಡು ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ, ಹಾಗಾಗಿ ಶಕ್ತಿ 420. ಕಾರಿನ ಅರ್ಧದಷ್ಟು ಶಕ್ತಿ, ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರಿನ ಮೇಲಿನ ಅರ್ಧದಲ್ಲಿ ಕೂತಿದೆ. ಅದು ಬೇಕು ಅಂದರೆ ಸರಿಯಾದ ಗೇರ್ ಹಿಡಿದು, ಪೆಡಲ್ ಒತ್ತಿಕೊಂಡೇ ಇದ್ದು, ಕಾಯಬೇಕು.

ಆ ಕಾಯುವಿಕೆಯಲ್ಲಿ ಎಂಥ ಸುಖ ಇದೆ ಗೊತ್ತಾ? 3,000ದಲ್ಲಿ ಎಂಜಿನ್ ಸಭ್ಯವಾಗಿರುತ್ತದೆ. 5,000 ದಾಟಿದ ಮೇಲೆ ದನಿ ಗಟ್ಟಿಯಾಗುತ್ತದೆ. 6,500ರಿಂದ ಮೇಲೆ ಅದು ಪೂರ್ತಿ ಬೇರೆಯದೇ ಯಂತ್ರ. ಬೇರೆ ಎಷ್ಟೋ ಎಂಜಿನ್‌ಗಳು ಸುಸ್ತಾಗುವ ಜಾಗದಲ್ಲಿ ಇದು ಇನ್ನೂ ಬಿಗಿಯಾಗಿ ಎಳೆಯುತ್ತಾ 8,400ರ ಗಡಿ ಮುಟ್ಟುತ್ತದೆ. ಕಾಲು ಒಂದು ಕೂದಲೆಳೆಯಷ್ಟು ಕದಲಿಸಿದರೂ ಅಷ್ಟಕ್ಕೇ ತಕ್ಕ ಉತ್ತರ ಬರುತ್ತದೆ, ತಡ ಇಲ್ಲ, ಅತಿಯೂ ಇಲ್ಲ. ತಿರುವಿನ ಮಧ್ಯದಲ್ಲಿ ಈ ಗುಣದ ಬೆಲೆ ತಿಳಿಯುತ್ತದೆ. ಹಿಂದಿನ ಟೈರುಗಳಿಗೆ ಎಷ್ಟು ಶಕ್ತಿ ಕೊಡಬೇಕು ಅನ್ನುವುದನ್ನು ಪಾದವೇ ಅಳೆದು ಕೊಡಬಹುದು.

ಸಿಗ್ನಲ್‌ನಿಂದ ಸಿಗ್ನಲ್‌ಗೆ ಜಿಗಿಯುವುದೇ ನಿಮಗೆ ಮುಖ್ಯ ಆದರೆ ನಿಮ್ಮ ಸ್ನೇಹಿತರ ಕಾರೇ ಒಳ್ಳೆಯದು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಪ್ರಶ್ನೆ: ಅಷ್ಟು ಮೇಲಿನ ಆರ್‌ಪಿಎಂ ಸಾಮಾನ್ಯ ರಸ್ತೆಯಲ್ಲಿ ಬಳಸಲು ಎಲ್ಲಿ ಆಗುತ್ತದೆ?

ಉತ್ತರ: ಇದು ನ್ಯಾಯವಾದ ಪ್ರಶ್ನೆ. ಮೊದಲ ಗೇರಿನಲ್ಲಿ ಗಡಿ ಮುಟ್ಟುವಷ್ಟರಲ್ಲಿ ವೇಗ ಸುಮಾರು 65 ಕಿಲೋಮೀಟರ್. ಎರಡನೆಯದರಲ್ಲಿ 110ರ ಆಚೆ. ಮೂರನೆಯದನ್ನು ಪೂರ್ತಿ ಎಳೆದರೆ 170ರ ಹತ್ತಿರ, ಅದು ರೇಸ್ ಟ್ರ್ಯಾಕಿಗೇ ಸರಿ. ಅಂದರೆ ರಸ್ತೆಯಲ್ಲಿ ನ್ಯಾಯವಾಗಿ ಸಿಗುವುದು ಎರಡು ಗೇರುಗಳ ಸಂತೋಷ. ಖಾಲಿ ಹೆದ್ದಾರಿಗೆ ಸೇರುವ ದಾರಿಯಲ್ಲಿ ಎರಡನೇ ಗೇರ್ ಒಮ್ಮೆ ಪೂರ್ತಿ ಎಳೆದರೆ ನನಗೆ ಅವತ್ತಿಗೆ ಸಾಕು. ಆಮೇಲೆ ಆರನೇ ಗೇರಿಗೆ ಹಾಕಿ, ನೂರರ ವೇಗದಲ್ಲಿ, 2,700 ಆರ್‌ಪಿಎಂ ಆಸುಪಾಸಿನಲ್ಲಿ ಸುಮ್ನೆ ಹೋಗುತ್ತೇನೆ. ಉಳಿದದ್ದಕ್ಕೆ ಟ್ರ್ಯಾಕ್ ದಿನಗಳಿವೆ. ಜನ ಓಡಾಡುವ ರಸ್ತೆಯಲ್ಲಿ ಇದರ ಮೂರನೇ ಗೇರ್ ಪರೀಕ್ಷೆ ಮಾಡಬೇಡಿ, ದಯವಿಟ್ಟು.

ಪ್ರಶ್ನೆ: ಟ್ಯಾಕೋಮೀಟರಿನ ಕೆಂಪು ಗಡಿ ತಾನೇ ಜಾಗ ಬದಲಿಸುತ್ತದೆ ಅಂತ ಬರೆದಿದ್ದಿರಿ. ಅದು ಹೇಗೆ?

ಉತ್ತರ: ಎಂಜಿನ್ ತಣ್ಣಗಿದ್ದಾಗ ಹಳದಿ ದೀಪಗಳ ಸಾಲು ಕೆಳಗಿನ ಆರ್‌ಪಿಎಂನಿಂದಲೇ ಶುರುವಾಗುತ್ತದೆ. ಆಯಿಲ್ ಬಿಸಿಯಾಗುತ್ತಾ ಹೋದಂತೆ ದೀಪಗಳು ಒಂದೊಂದಾಗಿ ಆರಿ, ಎಚ್ಚರಿಕೆಯ ಗಡಿ ಮೇಲೆ ಸರಿಯುತ್ತದೆ. ಪಕ್ಕದಲ್ಲೇ ಆಯಿಲ್‌ನ ತಾಪ ತೋರಿಸುವ ಮುಳ್ಳೂ ಇದೆ. ರೇಡಿಯೇಟರ್ ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ಈ ಎಂಜಿನ್ ಕುಡಿಯುವುದು 10ಡಬ್ಲ್ಯು-60 ದರ್ಜೆಯ ದಪ್ಪ ಆಯಿಲ್, ಅದೂ 8.8 ಲೀಟರ್. ತಣ್ಣಗಿರುವಾಗ ಅದು ಸಂದಿಗೊಂದಿಗೆ ಸುಲಭವಾಗಿ ಹರಿಯುವುದಿಲ್ಲ. ಹಾಗಾಗಿ ದೀಪ ಆರುವವರೆಗೆ ನಾನು ಮೆಲ್ಲಗೆ ಓಡಿಸುತ್ತೇನೆ. ಮನೆ ಮುಂದೆ ನಿಲ್ಲಿಸಿ ಎಂಜಿನ್ ಬಿಸಿ ಮಾಡುವುದು ಬೇಡ. ಹಗುರವಾಗಿ ಓಡಿಸುತ್ತಲೇ ಬಿಸಿ ಮಾಡುವುದು ಒಳ್ಳೆಯದು.

ಇನ್ನೊಂದು ಮಾತು. ಇದರಲ್ಲಿ ಆಯಿಲ್ ನೋಡಲು ಡಿಪ್‌ಸ್ಟಿಕ್ ಇಲ್ಲ, ಮಟ್ಟವನ್ನು ಸೆನ್ಸರ್ ಅಳೆದು ಪರದೆಯಲ್ಲಿ ತೋರಿಸುತ್ತದೆ. ಅದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪ್ರಶ್ನೆ: ತಾನೇ ಗೇರ್ ಬದಲಿಸುವ ಏಳು ಗೇರಿನ ಡ್ಯುಯಲ್ ಕ್ಲಚ್ ಇನ್ನೂ ವೇಗ ಅಲ್ವಾ? ಮ್ಯಾನುಯಲ್ ಯಾಕೆ ತಗೊಂಡಿರಿ?

ಉತ್ತರ: ವೇಗವೇ, ಅನುಮಾನ ಇಲ್ಲ. ಟ್ರ್ಯಾಕಿನಲ್ಲಿ ಸಮಯ ಮುಖ್ಯ ಆದರೆ ಅದನ್ನೇ ತಗೊಳ್ಳಿ. ಇಂಥ ಎಂಜಿನ್‌ಗೆ ಗೇರ್ ನಾನೇ ಹಾಕಬೇಕು ಅನ್ನುವುದು ನನ್ನ ಆಸೆ. ಗೇರ್ ಇಳಿಸುವಾಗ ಬ್ರೇಕ್ ಮೇಲೆ ಪಾದ ಇಟ್ಟುಕೊಂಡೇ ಹಿಮ್ಮಡಿಯಿಂದ ಆಕ್ಸಿಲರೇಟರ್ ತಟ್ಟಿ, ಎಂಜಿನ್ ವೇಗವನ್ನು ಗೇರಿಗೆ ಹೊಂದಿಸಿದಾಗ ಕಾರು ಒಂದು ಚೂರೂ ಕುಲುಕುವುದಿಲ್ಲ. ಅದು ಸರಿಯಾಗಿ ಕೂತ ದಿನ ನನಗೆ ಬೇರೇನೂ ಬೇಡ.

ಪ್ರಶ್ನೆ: ಸ್ಟೀರಿಂಗ್, ಬ್ರೇಕ್ ಹೇಗಿವೆ? ಮಳೆಯಲ್ಲಿ ಹಿಂಚಕ್ರದ ಕಾರು ಜಾರುವುದಿಲ್ವಾ?

ಉತ್ತರ: ಸ್ಟೀರಿಂಗ್ ಹೈಡ್ರಾಲಿಕ್. ರಸ್ತೆಯ ಒರಟು, ಮುಂದಿನ ಟೈರಿನ ಹಿಡಿತ ಸಡಿಲವಾಗುವುದು, ಎಲ್ಲವೂ ಅಂಗೈಗೆ ತಿಳಿಯುತ್ತದೆ. ಸ್ಪೋರ್ಟ್ ಸೆಟ್ಟಿಂಗ್ ಹಾಕಿದರೆ ಭಾರ ಜಾಸ್ತಿ ಆಗುತ್ತದೆ. ಮಾಹಿತಿ ಜಾಸ್ತಿ ಆಗುವುದಿಲ್ಲ, ಹಾಗಾಗಿ ನಾನು ಅದನ್ನು ಮಾಮೂಲಿ ಸೆಟ್ಟಿಂಗ್‌ನಲ್ಲೇ ಬಿಡುತ್ತೇನೆ. ಎಂಜಿನ್ ಹಗುರ ಇರುವುದೂ ಇಲ್ಲಿ ಸಹಾಯ ಮಾಡುತ್ತದೆ. ಈ ವಿ8 ತೂಗುವುದು 202 ಕೆಜಿ. ಹಿಂದಿನ ಎಂ3ಯ ಆರು ಸಿಲಿಂಡರಿನ ಎಂಜಿನ್‌ಗಿಂತ 15 ಕೆಜಿ ಕಡಿಮೆ! ಮೂತಿ ಭಾರ ಅನ್ನಿಸದೆ ತಿರುವಿಗೆ ಇಳಿಯುತ್ತದೆ.

ಬ್ರೇಕ್ ವಿಷಯದಲ್ಲಿ ನನಗೆ ಅಷ್ಟು ತೃಪ್ತಿ ಇಲ್ಲ. ಡಿಸ್ಕ್ ದೊಡ್ಡವು, ಮುಂದೆ 360 ಮಿಲಿಮೀಟರ್. ಆದರೆ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಒಂದೇ ಪಿಸ್ಟನ್ನಿನದು. ರಸ್ತೆಯಲ್ಲಿ ಧಾರಾಳವಾಗಿ ಸಾಕು. ಟ್ರ್ಯಾಕಿನಲ್ಲಿ 1.6 ಟನ್ ತೂಕವನ್ನು ಮತ್ತೆ ಮತ್ತೆ ನಿಲ್ಲಿಸಿದರೆ ಬಿಸಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಟ್ರ್ಯಾಕಿಗೆ ಹೋಗುವವರು ಒಳ್ಳೆಯ ಪ್ಯಾಡ್, ಹೊಸ ಬ್ರೇಕ್ ಫ್ಲೂಯಿಡ್ ಹಾಕಿಸಿಕೊಂಡೇ ಹೋಗಿ.

ಮಳೆಯ ಬಗ್ಗೆ: ಟರ್ಬೊ ಇಲ್ಲದ ಎಂಜಿನ್ ಇಲ್ಲಿ ದೊಡ್ಡ ವರ. ಟಾರ್ಕ್ ಒಮ್ಮೆಲೇ ಬಂದು ಬೀಳುವುದಿಲ್ಲ. ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಕೂಡ ಜಾಣತನದ್ದು. ಎರಡು ಹಿಂಚಕ್ರಗಳ ವೇಗದಲ್ಲಿ ವ್ಯತ್ಯಾಸ ಬಂದರೆ ಒಳಗಿನ ಪಂಪು ಒತ್ತಡ ಹುಟ್ಟಿಸಿ ಎರಡನ್ನೂ ಬಿಗಿ ಮಾಡುತ್ತದೆ. ಇಷ್ಟಿದ್ದೂ, ನೀರು ನಿಂತ ರಸ್ತೆಯಲ್ಲಿ ಸ್ಥಿರತೆ ಕಾಯುವ ವ್ಯವಸ್ಥೆಯನ್ನು ನಾನು ಎಂದೂ ಆಫ್ ಮಾಡುವುದಿಲ್ಲ. ಅಗಲವಾದ ಟೈರು, ಸವೆದ ಟ್ರೆಡ್, ನಿಂತ ನೀರು, ಈ ಮೂರೂ ಸೇರಿದರೆ ಯಾವ ಎಲೆಕ್ಟ್ರಾನಿಕ್ಸೂ ಉಳಿಸುವುದಿಲ್ಲ.

ಪ್ರಶ್ನೆ: ಮನೆಯವರು ಹಿಂದೆ ಕೂರಬಹುದಾ? ಮೈಲೇಜ್ ಎಷ್ಟು?

ಉತ್ತರ: ಆರಾಮಾಗಿ ಕೂರಬಹುದು, ಡಿಕ್ಕಿಯೂ ದೊಡ್ಡದು. ಎರಡು ಬಾಗಿಲಿನ ಕೂಪೆ ಬಿಟ್ಟು ಸೆಡಾನ್ ಹುಡುಕಿದ್ದು ಅದಕ್ಕೇ. ಕೂಪೆಗೆ ಕಾರ್ಬನ್ ಫೈಬರ್ ಚಾವಣಿ ಇದೆ, ನನ್ನದಕ್ಕೆ ಉಕ್ಕಿನದು, ಅದರಿಂದ ನನಗೇನೂ ಬೇಸರ ಇಲ್ಲ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕಂಫರ್ಟ್‌ನಲ್ಲಿಟ್ಟರೆ ಹಿಂದೆ ಕೂತವರು ನಿದ್ದೆ ಮಾಡುತ್ತಾರೆ. ಸ್ಪೋರ್ಟ್ ಒತ್ತಿದರೆ ಎದ್ದು ಕೂರುತ್ತಾರೆ. ಮೈಲೇಜ್ ಕಂಪನಿಯ ಲೆಕ್ಕದಲ್ಲೇ ನೂರು ಕಿಲೋಮೀಟರಿಗೆ 12.4 ಲೀಟರ್, ಅಂದರೆ ಲೀಟರಿಗೆ ಎಂಟು. ಎಂಜಿನ್ ಕೂಗಿಸಿದರೆ ಅದಕ್ಕಿಂತ ಬಹಳ ಕಡಿಮೆ. 63 ಲೀಟರಿನ ಟ್ಯಾಂಕ್ ಬೇಗ ಖಾಲಿಯಾಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಂ3 ನೋಡುತ್ತಿದ್ದೇನೆ. ಏನು ಗಮನಿಸಲಿ?

ಉತ್ತರ: ಮೊದಲು ಎಂಜಿನ್‌ನ ಕನೆಕ್ಟಿಂಗ್ ರಾಡ್ ಬೇರಿಂಗ್. ಪಿಸ್ಟನ್ನಿನ ಸರಳನ್ನು ಕ್ರ್ಯಾಂಕ್‌ಶಾಫ್ಟಿಗೆ ಸೇರಿಸುವ ಕಡೆ ಇರುವ ತೆಳ್ಳನೆಯ ಲೋಹದ ಚಿಪ್ಪುಗಳು ಇವು. ಈ ಎಂಜಿನ್‌ನಲ್ಲಿ ಅವು ಅವಧಿಗೆ ಮುಂಚೆ ಸವೆದ ಉದಾಹರಣೆಗಳು ಲೋಕದ ಎಲ್ಲ ಕಡೆ ಇವೆ. ಪೂರ್ತಿ ಸವೆದರೆ ಎಂಜಿನ್ನೇ ಹೋಗುತ್ತದೆ, ಮುನ್ಸೂಚನೆಯೂ ಕಡಿಮೆ. ಬದಲಿಸಿದ ಬಿಲ್ ಇದ್ದರೆ ಆ ಕಾರಿಗೆ ಮೊದಲ ಮಣೆ ಹಾಕಿ. ಇಲ್ಲದಿದ್ದರೆ ಬದಲಿಸುವ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ. ಹಳೆಯ ಆಯಿಲಿನ ಮಾದರಿಯನ್ನು ಲ್ಯಾಬಿಗೆ ಕೊಟ್ಟರೆ ಅದರಲ್ಲಿ ಸೀಸ, ತಾಮ್ರ ಎಷ್ಟಿದೆ ಅಂತ ಹೇಳುತ್ತಾರೆ. ಬೇರಿಂಗ್ ಸವೆತಕ್ಕೆ ಅದು ಒಂದು ಸುಳಿವು, ಪೂರ್ತಿ ಭರವಸೆ ಅಲ್ಲ.

ಎರಡನೆಯದು ಥ್ರಾಟಲ್ ಆಕ್ಚುಯೇಟರ್. ಥ್ರಾಟಲ್‌ಗಳನ್ನು ತೆರೆಯುವ ಮೋಟಾರು ಇದು, ಎಂಜಿನ್‌ಗೆ ಎರಡು. ಕೆಟ್ಟರೆ ಎಚ್ಚರಿಕೆ ದೀಪ ಹತ್ತಿ ಶಕ್ತಿ ಇಳಿದುಬಿಡುತ್ತದೆ. ಎಂಜಿನ್‌ಗೆ ಅಪಾಯ ಇಲ್ಲ, ಜೇಬಿಗೆ ಇದೆ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿಡಿ. ಮುಟ್ಟಿ ನೋಡಿ. ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಮಾರುವವರೇ ಸ್ಟಾರ್ಟ್ ಮಾಡಿ, ಅವರೇ ಮೊದಲು ಓಡಿಸಲಿ, ನೀವು ಪಕ್ಕದಲ್ಲಿ ಕೂತು ಟ್ಯಾಕೋಮೀಟರ್ ನೋಡುತ್ತಿರಿ. ಹಳದಿ ದೀಪ ಉರಿಯುತ್ತಿರುವಾಗಲೇ ಎಂಜಿನ್ ಕೂಗಿಸುವ ಮಾಲೀಕರ ಕಾರು, ಬಣ್ಣ ಎಷ್ಟೇ ಹೊಳೆಯಲಿ, ನಾನಾದರೆ ತಗೊಳ್ಳುವುದಿಲ್ಲ.